ಒಳಗೆ ಬಿಟ್ಟ ಬಟ್ಟೆ

ಆ ಬೀದಿಯಲ್ಲಿ ಯಾರ ಹೊಟ್ಟೆ ಎಷ್ಟು ಮುಂದೆ ಬರಲಿದೆ ಎನ್ನುವುದು ಅವರಿಗಿಂತ ಮೊದಲು ಟೇಲರ್ ಮಾಸ್ತರರಿಗೆ ಗೊತ್ತಿರುತ್ತಿತ್ತು. ಪ್ಯಾಂಟು ಹೊಲಿಯುವಾಗ ಹಿಂದಿನ ಹೊಲಿಗೆಯ ಒಳಗೆ ಎರಡು ಬೆರಳಷ್ಟು ಬಟ್ಟೆ ಹೆಚ್ಚಿಗೆ ಬಿಡದೆ ಅವರು ಕತ್ತರಿ ಆಡಿಸಿದವರೇ ಅಲ್ಲ. ವರ್ಷ ಕಳೆದು ಗಿರಾಕಿ ಉಸಿರು ಬಿಗಿಹಿಡಿದುಕೊಂಡು ಬಂದರೆ, ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟು, ಬಟ್ಟೆಯೇ ಕುಗ್ಗಿದೆ ಎಂದು ಹೇಳಿ ಅವನ ಮಾನ ಉಳಿಸುತ್ತಿದ್ದರು. ಅಳತೆಯ ಮೇಲೆ ಯಾವಾಗಲೂ ಒಂದಿಷ್ಟು ಜಾಸ್ತಿ ಇರಲಿ ಎನ್ನುವುದು ಅವರ ಕಸುಬಿನ ಬುದ್ಧಿ. ಅದೇ ಬುದ್ಧಿ ಅವರ ಮನೆ ಹಾಳು ಮಾಡಿತು.

ಅಂಗಡಿಗೆ ಅಂಟಿಕೊಂಡ ಮನೆಯಲ್ಲಿ ಇದ್ದದ್ದು ಮೂರೇ ಜೀವ. ಮಾಸ್ತರರು, ಕಾಜಾ ಗುಂಡಿಯ ಕೆಲಸ ನೋಡಿಕೊಳ್ಳುವ ಅವರ ಹೆಂಡತಿ, ಮತ್ತು ದೊರೆ. ದೊರೆ ಎಂದರೆ ಬೆಕ್ಕು. ಬೂದು ಮೈಯವನು, ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯ ಮೇಲಲ್ಲದೆ ಬೇರೆಲ್ಲೂ ಮಲಗದ ಗತ್ತಿನವನು. ಮಕ್ಕಳಿಲ್ಲದ ಆಕೆ ಅವನನ್ನು ಮರಿಯಿದ್ದಾಗ ಚಿಂದಿಬುಟ್ಟಿಯಲ್ಲಿಟ್ಟು ಬೆಳೆಸಿದ್ದರು. "ಈ ಮನೇಲಿ ನನ್ನ ಮಾತು ಕೇಳೋ ಗಂಡಸು ಅಂದ್ರೆ ಇವನೊಬ್ಬನೇ" ಎಂದು ಗಿರಾಕಿಗಳ ಮುಂದೆಯೇ ಗಂಡನ ಕಾಲೆಳೆಯುತ್ತಿದ್ದರು.

ದೊರೆ ಕಂಡಕಂಡ ನೀರನ್ನೆಲ್ಲ ಕುಡಿಯತೊಡಗಿ, ತಿಂದಷ್ಟೂ ಸೊರಗಿದಾಗ, ಪ್ರಾಣಿಗಳ ಡಾಕ್ಟರಮ್ಮ ಸಕ್ಕರೆ ಕಾಯಿಲೆ ಎಂದರು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಇನ್ಸುಲಿನ್. ಮೊದಲು ಕಿವಿಯಂಚು ಚುಚ್ಚಿ ರಕ್ತ ಪರೀಕ್ಷೆ, ಆಮೇಲೆ ಊಟ, ಊಟವಾದ ಮೇಲೇ ಸೂಜಿ. ಸಿರಿಂಜಿನಲ್ಲಿ ಎರಡೇ ಗೆರೆಯಷ್ಟು ಔಷಧಿ. ಒಂದು ದಿನ ಶುಗರ್ ಏರಿತೆಂದು ತಾವಾಗಿ ಔಷಧಿ ಏರಿಸಕೂಡದು, ಸರಿಯಾಗಿ ತಿನ್ನದಿದ್ದರೆ ಫೋನ್ ಮಾಡಿ ಕೇಳಬೇಕು ಎಂದು ಡಾಕ್ಟರಮ್ಮ ಒತ್ತಿ ಒತ್ತಿ ಹೇಳಿದ್ದರು. ಹೆಂಡತಿ ದೊರೆಗೆ ಟವೆಲ್ಲು ಸುತ್ತಿ ಮಡಿಲಲ್ಲಿಟ್ಟುಕೊಂಡು, ಕಿವಿಯನ್ನು ಬೆರಳುಗಳಲ್ಲಿ ಬೆಚ್ಚಗೆ ಮಾಡಿ ಚುಚ್ಚುತ್ತಿದ್ದರು. ಹೆಗಲ ಮೇಲಿನ ಸಡಿಲ ಚರ್ಮವನ್ನು ಬಟ್ಟೆಯ ಮಡಿಕೆಯಂತೆ ಎತ್ತಿ, ಅವನಿಗೆ ಗೊತ್ತೇ ಆಗದ ಹಾಗೆ ಇನ್ಸುಲಿನ್ ಕೊಡುವುದು ಮಾಸ್ತರರ ಕೆಲಸ. ಅದಕ್ಕೆ ಮುಂಚೆ ಆಕೆ ಕನ್ನಡಕ ಏರಿಸಿ ಸಿರಿಂಜಿನ ಗೆರೆ ನೋಡಿ "ಹ್ಞೂಂ" ಎನ್ನಬೇಕು. ಹಾಗೆಯೇ ದಿನ ಸಾಗಿ ದೊರೆ ಮತ್ತೆ ಮೈ ತುಂಬಿಕೊಂಡಿದ್ದ.

ಒಂದು ದಿನ ಆಕೆ ಹುಷಾರಿಲ್ಲದ ತಂಗಿಯನ್ನು ನೋಡಲು ಬೆಳಗಿನ ಬಸ್ಸಿಗೆ ಹೋದರು. ಸಂಜೆಗೆ ಬಂದುಬಿಡುತ್ತೇನೆ, ದೊರೆ ಜೋಪಾನ ಎಂದು ಎರಡು ಸಲ ಹೇಳಿ ಹೋದರು. ರಕ್ತ ಪರೀಕ್ಷೆಗೆ ದೊರೆಯನ್ನು ಮಾಸ್ತರರಿಗೆ ಒಬ್ಬರೇ ಹಿಡಿಯಲು ಬರಲಿಲ್ಲ. ಅವನು ಪರಚಿ ಕಪಾಟಿನಡಿ ಸೇರಿದ. ಎಳೆದು ತಂದಾಗ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಹೆದರಿದ ಬೆಕ್ಕಿನ ಶುಗರ್ ಸುಮ್ಮನೆ ಏರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದು ಆ ಗಡಿಬಿಡಿಯಲ್ಲಿ ಅವರಿಗೆ ನೆನಪಾಗಲಿಲ್ಲ. ಮೀಟರಿನಲ್ಲಿ ಬಂದ ಸಂಖ್ಯೆ ಎಂದಿಗಿಂತ ಬಹಳ ಮೇಲಿತ್ತು. ಸಂಜೆ ಇವಳು ಬಂದು ಪರೀಕ್ಷೆ ಮಾಡಿದರೆ ಏನು ಹೇಳಲಿ, ಒಂದೇ ಒಂದು ದಿನ ನೋಡಿಕೊಳ್ಳಲು ಆಗಲಿಲ್ಲವೇ ಎಂದಾಳು. ದೊರೆ ಅರ್ಧ ತಿಂದು ಮೂತಿ ತಿರುಗಿಸಿದ. ಫೋನ್ ಮಾಡೋಣ ಎಂದುಕೊಂಡವರು, ಇಷ್ಟಕ್ಕೆಲ್ಲ ಯಾಕೆ ಎಂದು ಬಿಟ್ಟರು. ಸಿರಿಂಜಿನಲ್ಲಿ ಎರಡು ಗೆರೆ ಎಳೆದರು. ಆಮೇಲೆ, ಒಂದಿಷ್ಟು ಜಾಸ್ತಿಯೇ ಇರಲಿ ಎಂದು, ಇನ್ನೂ ಎರಡು ಎಳೆದರು. ಹ್ಞೂಂ ಎನ್ನುವವರು ಯಾರೂ ಇರಲಿಲ್ಲ.

ಮಧ್ಯಾಹ್ನ ದೊರೆ ಅಡ್ಡಾದಿಡ್ಡಿ ನಡೆದು ಬಂದು ಚಿಂದಿಬುಟ್ಟಿಗೆ ಬಿದ್ದ. ಎಲ್ಲಿ ಹಾಕಿಕೊಂಡು ಬಂದೆಯೋ ಎಂದು ಮಾಸ್ತರರು ನಕ್ಕು, ಮತ್ತೆ ಹೊಲಿಗೆ ಯಂತ್ರ ತುಳಿದರು. ಆ ನಗುವಿಗಾಗಿ ಅವರು ಇವತ್ತಿಗೂ ತಮ್ಮನ್ನು ಕ್ಷಮಿಸಿಕೊಂಡಿಲ್ಲ. ದಾರ ಮುಗಿದು ತಿರುಗಿ ನೋಡಿದಾಗ ದೊರೆಯ ಕಾಲುಗಳು ಸೆಟೆದು ಅದುರುತ್ತಿದ್ದವು. ಶುಗರ್ ಇಳಿದುಹೋಗಿದೆ ಎಂದು ಹೊಳೆದು, ಒಸಡಿಗೆ ಜೇನುತುಪ್ಪ ಸವರಿ, ಅರ್ಧ ಹೊಲಿದ ಅಂಗಿಯಲ್ಲೇ ಸುತ್ತಿಕೊಂಡು ಓಡಿದರು. ಡಾಕ್ಟರಮ್ಮ ಗ್ಲೂಕೋಸ್ ಏರಿಸಿ ಬಹಳ ಹೊತ್ತು ಒದ್ದಾಡಿದರು. ದೊರೆ ಉಳಿಯಲಿಲ್ಲ.

ಸಂಜೆ ಹೆಂಡತಿ ಬಾಗಿಲಲ್ಲೇ ದೊರೆಯನ್ನು ಕೂಗಿದರು. ಕಾಯಿಲೆಯ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಮಾಸ್ತರರಿಗೆ ಅದು ಆಗಲಿಲ್ಲ.

"ನಾನೇ ಕೊಂದೆ ಕಣೇ. ಎರಡು ಗೆರೆ ಜಾಸ್ತಿ ಹಾಕಿಬಿಟ್ಟೆ."

ಆಕೆ ಚಪ್ಪಲಿಯನ್ನೂ ಬಿಡದೆ ನಿಂತಲ್ಲೇ ನಿಂತಿದ್ದರು. "ನನ್ನ ಕೇಳದೆ ಯಾಕ್ರೀ ಚುಚ್ಚಿದ್ರಿ?" ಎಂದರು. ಬೈದಿದ್ದರೆ ಮಾಸ್ತರರು ಬದುಕಿಕೊಳ್ಳುತ್ತಿದ್ದರು.

ಅಂಗಡಿ ಮತ್ತೆ ತೆರೆದ ದಿನ ಮಾಸ್ತರರು ಒಂದು ಪ್ಯಾಂಟಿನ ಬಟ್ಟೆ ಕತ್ತರಿಸಿದರು. ಅದನ್ನು ಕೈಗೆತ್ತಿಕೊಂಡ ಹೆಂಡತಿ ತಿರುವಿ ಮುರುವಿ ನೋಡಿದರು. ಕತ್ತರಿ ಸೀಮೆಸುಣ್ಣದ ಗೆರೆಯ ಮೇಲೆಯೇ ಓಡಿತ್ತು. ಹೊಲಿಗೆ ಹಾಕಲು ಕೂಡ ಅಂಚು ಉಳಿದಿರಲಿಲ್ಲ.

"ರೀ, ಒಳಗೆ ಬಟ್ಟೆನೇ ಬಿಟ್ಟಿಲ್ಲ."

"ಅಳತೆ ಎಷ್ಟಿದೆಯೋ ಅಷ್ಟೇ ಕತ್ತರಿಸಿದ್ದೀನಿ" ಎಂದ ಮಾಸ್ತರರು ಮೇಜಿನ ಮೇಲೆ ತಲೆಯಿಟ್ಟು ಅತ್ತರು.

ಕೆಟ್ಟುಹೋದ ಬಟ್ಟೆಯನ್ನು ಆಕೆ ಮಡಿಸಿಟ್ಟು, ಜವಳಿ ಅಂಗಡಿಯಿಂದ ಅಂಥದ್ದೇ ಇನ್ನೊಂದು ತಂದು ಹಾಸಿದರು. ಮಾಸ್ತರರು ಗೆರೆ ಎಳೆದರು, ಕತ್ತರಿ ಹಿಡಿದರು, ಕೈ ಮುಂದಕ್ಕೆ ಹೋಗಲಿಲ್ಲ. ಆಕೆ ಕನ್ನಡಕ ಏರಿಸಿ ಗೆರೆ ನೋಡಿದರು. ಗೆರೆಯ ಆಚೆ ಎರಡು ಬೆರಳಿಟ್ಟು ಅಳೆದು "ಹ್ಞೂಂ" ಎಂದರು.

ಅಂದಿನಿಂದ ಆ ಹ್ಞೂಂ ಕೇಳದೆ ಮಾಸ್ತರರು ಯಾವ ಬಟ್ಟೆಗೂ ಕತ್ತರಿ ಹಾಕಿಲ್ಲ. ಆಕೆಯೂ ಒಮ್ಮೆಯೂ ಹೇಳದೆ ಇದ್ದಿಲ್ಲ. ಆದರೆ ಹೇಳುವಾಗ ಮಾಸ್ತರರ ಮುಖ ನೋಡುವುದಿಲ್ಲ.