ಕಾರಿನ ಹಿಂದಿನ ಸೀಟಿನಿಂದ ಕಂಡ ಕ್ರಾಂತಿ

ಮೊನ್ನೆ ಬೆಳಿಗ್ಗೆ ಆಫೀಸಿನ ಪ್ಯಾಂಟ್ರಿಗೆ ಚಹಾ ಕುಡಿಯಲು ಹೋದರೆ ತುಪ್ಪ, ಪಿಸ್ತಾಗಳ ಘಮ ಬಾಗಿಲಲ್ಲೇ ಎದುರಾಯಿತು. ಮೇಜಿನ ಮೇಲೆ ಸಿಹಿತಿಂಡಿಯ ದೊಡ್ಡ ಡಬ್ಬ. ನನ್ನ ಎದುರಿನ ಮೇಜಿನಲ್ಲಿ ಕೂರುವ ರೀಮಾ ತಂದಿಟ್ಟದ್ದು. ಸಿರಿಯಾದವಳು. ಅಲ್ಲಿಯ ಹಳೆಯ ಸರಕಾರ ಬಿದ್ದ ಮೇಲೆ ಊರಿಗೆ ಮರಳುವುದೋ ಬೇಡವೋ ಎಂದು ತಿಂಗಳುಗಟ್ಟಲೆ ತೂಗಿ ನೋಡಿ, ಕೊನೆಗೆ ರಾಜೀನಾಮೆ ಕೊಟ್ಟಿದ್ದಳು. ನಾನು "ಮಬ್ರೂಕ್" ಎಂದು ಅಭಿನಂದಿಸಿ, ಒಂದು ತುಂಡು ಬಾಯಿಗೆ ಹಾಕಿಕೊಂಡು ನನ್ನ ಕುರ್ಚಿಗೆ ಮರಳಿದೆ. ಕತಾರಿನಲ್ಲಿ ಬಹಳ ವರ್ಷ ಕಳೆದವರಿಗೆ ಈ ಕಲೆ ಸಿದ್ಧಿಸಿರುತ್ತದೆ. ಬೇರೆಯವರ ದೇಶದ ಸುದ್ದಿಗೆ ಸಿಹಿ ತಿನ್ನುವಷ್ಟು ಮಾತ್ರ ಹತ್ತಿರ ಹೋಗುತ್ತೇವೆ.

ಆ ಸಿಹಿ ಬಾಯಲ್ಲಿ ಕರಗುತ್ತಿದ್ದಾಗ ನೆನಪಾದವನು ಆದೆಲ್. ಹಿಂದೊಮ್ಮೆ ಅವನೂ ಹೀಗೇ ಹಂಚಿದ್ದ.

ಆಗ ನಾನು ಐನ್ ಖಾಲಿದ್ ಬಡಾವಣೆಯಲ್ಲಿದ್ದೆ. ಡ್ರೈವಿಂಗ್ ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲಾಗಿ, ಪರೀಕ್ಷೆ ತೆಗೆದುಕೊಳ್ಳುವವರಿಗೇ ನನ್ನ ಮೇಲೆ ಕನಿಕರ ಹುಟ್ಟಿದ್ದ ಕಾಲ. ಹಾಗಾಗಿ ಆಫೀಸಿಗೆ ಹೋಗಿಬರುವುದು ಸಹೋದ್ಯೋಗಿ ಹಿಶಾಮ್‌ನ ಕಾರಿನಲ್ಲಿ. ಅವನ ಪಕ್ಕದಲ್ಲಿ ಆದೆಲ್, ಹಿಂದೆ ನಾನು ಮತ್ತು ನನ್ನ ಬುತ್ತಿ. ಅವರಿಬ್ಬರೂ ಕೈರೋದ ಒಂದೇ ಓಣಿಯಲ್ಲಿ ಬೆಳೆದವರು. ಹಿಶಾಮ್‌ನ ತಾಯಿ ಬೇಗ ತೀರಿಕೊಂಡಿದ್ದರಿಂದ ಅವನು ಉಂಡು ಬೆಳೆದದ್ದೆಲ್ಲ ಆದೆಲ್‌ನ ಅಮ್ಮನ ಕೈಯಲ್ಲಿ.

ಕೈರೋದ ಚೌಕದಲ್ಲಿ ಜನ ಸೇರತೊಡಗಿದಾಗ ಆದೆಲ್ ಹೆಂಡತಿಯ ಜೊತೆ ಜಗಳ ಮಾಡಿಕೊಂಡು ವಿಮಾನ ಹತ್ತಿದ. ದಶಕಗಳಿಂದ ಕುರ್ಚಿ ಬಿಡದ ಅಧ್ಯಕ್ಷ ಇಳಿದ ಮೇಲೆಯೇ ಮರಳಿದ್ದು. ಘೋಷಣೆ ಕೂಗಿ ಗಂಟಲು ಪೂರ್ತಿ ಬಿದ್ದುಹೋಗಿತ್ತು. ಆಫೀಸಿಗೆಲ್ಲ ಸಿಹಿ ಹಂಚಿದ. ಆ ದಿನ ಕಾರಿನಲ್ಲಿ ಹಿಶಾಮ್ ಹಾಡಿದ, ಸ್ವರ ಇಲ್ಲದ ಆದೆಲ್ ಡ್ಯಾಶ್‌ಬೋರ್ಡ್ ಬಡಿದು ತಾಳ ಹಾಕಿದ. ಅರ್ಥ ಗೊತ್ತಿಲ್ಲದಿದ್ದರೂ ನಾನು ತಲೆದೂಗಿದೆ. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿಗೆ ಗಾಬರಿ. "ನಿಮಗೆ ಎಂತಕ್ಕೆ ಮಾರಾಯ್ರೆ ಅದೆಲ್ಲ? ಅವರ ಊರಿನದ್ದು ಅವರಿಗೆ. ಹೆಚ್ಚುಕಡಿಮೆ ಆದ್ರೆ ನಮ್ಮ ಕೆಲಸ ಖಲಾಸ್" ಎಂದಳು.

ಅಲ್ಲಿ ಚುನಾವಣೆಯಾಯಿತು, ಹೊಸ ಅಧ್ಯಕ್ಷ ಬಂದ. ಹೆಚ್ಚು ಕಾಲ ಕಳೆಯುವ ಮೊದಲೇ ಸೈನ್ಯ ಅವನನ್ನೂ ಇಳಿಸಿತು. "ದೇಶ ಉಳಿಯಿತು" ಎಂದ ಹಿಶಾಮ್. "ದೇಶವನ್ನು ಕೊಂದುಹಾಕಿದರು" ಎಂದ ಆದೆಲ್. ಅದೇ ಕೊನೆ, ಇಬ್ಬರೂ ಮಾತು ಬಿಟ್ಟರು.

ಕಾರು ಮಾತ್ರ ಬಿಡಲಿಲ್ಲ. ನಾಳೆಯಿಂದ ಬರಬೇಡ ಎಂದು ಇವನು ಹೇಳಲಿಲ್ಲ, ಬರುವುದಿಲ್ಲ ಎಂದು ಅವನೂ ಹೇಳಲಿಲ್ಲ. ಬದಲಿಗೆ ನನಗೊಂದು ಹುದ್ದೆ ಸಿಕ್ಕಿತು. "ಎಸಿ ಕಡಿಮೆ ಮಾಡಲು ಹೇಳು ಅವನಿಗೆ" ಎಂದು ಆದೆಲ್ ಕಿಟಕಿಯ ಕಡೆ ನೋಡುತ್ತ ಹೇಳುತ್ತಿದ್ದ. ಮೊಳದಷ್ಟು ದೂರದಲ್ಲಿದ್ದ ಹಿಶಾಮ್‌ಗೆ ನಾನದನ್ನು ತಲುಪಿಸಬೇಕು. "ಚಳಿಯಾದರೆ ಕೋಟು ಹಾಕಿಕೊಳ್ಳಲಿ ಅನ್ನು." ಅದನ್ನೂ ತಲುಪಿಸುತ್ತಿದ್ದೆ, ಆದಷ್ಟು ಮೆತ್ತಗೆ ಮಾಡಿ. ಯಾರದು ಸರಿ ಎಂದು ಒಮ್ಮೆ ಆದೆಲ್ ನನ್ನನ್ನೇ ಕೇಳಿದ. ಟ್ರಾಫಿಕ್ ತುಂಬಾ ಇದೆ ಎಂದೆ. "ನೀನು ಹಿಂದಿ. ನಿನಗೇನು?" ಎಂದು ನಕ್ಕ. ಭಾರತೀಯರನ್ನು ಅರಬರು ಹಾಗೆಯೇ ಕರೆಯುವುದು.

ಆದೆಲ್ ಫೇಸ್‌ಬುಕ್‌ನಲ್ಲಿ ಸೈನ್ಯದ ವಿರುದ್ಧ ಬರೆಯುತ್ತಿದ್ದ. ಹಾಗೆ ಬರೆದ ಅವನ ಗೆಳೆಯನೊಬ್ಬನನ್ನು ಕೈರೋ ವಿಮಾನ ನಿಲ್ದಾಣದಲ್ಲೇ ಹಿಡಿದರೆಂದು ಸುದ್ದಿ ಬಂತು. ಆಮೇಲೆ ಇವನು ರಜೆಗೆ ಊರಿಗೆ ಹೋಗುವುದನ್ನೇ ನಿಲ್ಲಿಸಿದ.

ಒಂದು ಬೆಳಿಗ್ಗೆ ಕಾರಿನಲ್ಲಿದ್ದಾಗ ಅವನಿಗೆ ಫೋನ್ ಬಂತು. ಆಚೆ ಕಡೆ ಹೆಂಗಸೊಬ್ಬಳ ಅಳು ನನಗೂ ಕೇಳಿಸಿತು. ಆದೆಲ್ ಫೋನನ್ನು ತೊಡೆಯ ಮೇಲಿಟ್ಟುಕೊಂಡು, "ಅಮ್ಮ ಹೋದಳು" ಎಂದ. ಯಾರಿಗೆ ಹೇಳಿದನೋ. ಅವನಿಗೆ ಹೇಳು ಎಂದು ನನಗೆ ಹೇಳಲಿಲ್ಲ.

ಹಿಶಾಮ್ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಸ್ಟಿಯರಿಂಗ್ ಮೇಲೆ ಹಣೆಯಿಟ್ಟ. ನಂತರ ಕಾರು ತಿರುಗಿಸಿ ನಮ್ಮಿಬ್ಬರನ್ನೂ ಮನೆಗೆ ಬಿಟ್ಟು ಹೋದ. ಆಗ ದೇಶ ಬಿಡಲು ಕಂಪನಿಯ ಅನುಮತಿ ಬೇಕಿತ್ತು. ಹಿಶಾಮ್ ಮ್ಯಾನೇಜರ್ ಎದುರು ನಿಂತು ಗೋಗರೆದು ಅದನ್ನು ಪಡೆದು, ಆ ದಿನವೇ ಕೈರೋ ವಿಮಾನ ಹತ್ತಿದನೆಂದು ಅವನ ಹೆಂಡತಿಯಿಂದ ಗೊತ್ತಾಯಿತು. ಬೇರೆ ಊರಿನಿಂದ ಆದೆಲ್‌ನ ಅಕ್ಕ ಬರಬೇಕಿದ್ದ ಕಾರಣ ದಫನ ಮರುದಿನವಿತ್ತು. ಹಿಶಾಮ್ ಅಷ್ಟರಲ್ಲಿ ತಲುಪಿದ್ದ.

ಅವನು ಹಿಂತಿರುಗಿದ ಮೇಲೆ ಕಾರಿನ ಮೊದಲ ದಿನ. ಸಿಗ್ನಲ್‌ನಲ್ಲಿ ನಿಂತಾಗ ಹಿಶಾಮ್ ನನ್ನನ್ನು ಕರೆಯದೆ, ನೇರವಾಗಿ ಹೇಳಿದ: "ಆದೆಲ್, ಅಮ್ಮ ತುಂಬ ಹಗುರವಾಗಿದ್ದಳು. ನಾನೇ ಮಣ್ಣಿಗೆ ಇಳಿಸಿದೆ."

ಆದೆಲ್ ಕೇಳಿದ: "ಯಾರೆಲ್ಲ ಬಂದಿದ್ದರು?"

"ನಿನ್ನ ಕಡೆಯವರು, ನನ್ನ ಕಡೆಯವರು. ಓಣಿಯಲ್ಲಿ ನಿಲ್ಲಲು ಜಾಗ ಇರಲಿಲ್ಲ."

ಹಿಂದಿನವರು ಹಾರ್ನ್ ಹೊಡೆದರು. ಸಿಗ್ನಲ್ ಹಸಿರಾಗಿತ್ತು.

ಇಬ್ಬರ ರಾಜಕೀಯ ಆಮೇಲೆ ಒಂದಾಯಿತೆಂದು ತಿಳಿಯಬೇಡಿ. ಮಾತು ಶುರುವಾದದ್ದೇ ಜಗಳವೂ ಶುರುವಾಯಿತು, ಕಾರಿನ ಗಾಜು ಅದುರುವಷ್ಟು. ಹಿಶಾಮ್ ನಿವೃತ್ತನಾಗಿ ಕೈರೋಗೆ ಹೋದ. ಪ್ರತಿ ಈದ್‌ಗೆ ಆ ತಾಯಿಯ ಸಮಾಧಿಗೆ ಹೋಗುತ್ತಾನಂತೆ. ಆದೆಲ್ ಇನ್ನೂ ಐನ್ ಖಾಲಿದ್‌ನಲ್ಲೇ, ಮಗಳ ಮನೆಯಲ್ಲಿದ್ದಾನೆ.

ಇಷ್ಟೆಲ್ಲ ನೆನಪಾದ ಮೇಲೆ ಶುಕ್ರವಾರ ಅವನನ್ನು ನೋಡಲು ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಆಫೀಸಿನ ಹುಡುಗಿಯೊಬ್ಬಳು ಸಿರಿಯಾಕ್ಕೆ ಮರಳುತ್ತಿದ್ದಾಳೆ ಎಂದೆ. ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಇಷ್ಟೇ: "ಅಲ್ಲಿ ಅವಳಿಗೆ ಯಾರಿದ್ದಾರೆ?"

ನನಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ಎದುರು ಕೂತವಳು. ಅವಳ ಊರಿನ ಹೆಸರೂ ನನಗೆ ಗೊತ್ತಿರಲಿಲ್ಲ.

ವಾರದ ರಜೆ ಮುಗಿದು ಭಾನುವಾರ ಆಫೀಸು ತೆರೆದಾಗ ನನ್ನ ಕುರ್ಚಿಯನ್ನು ರೀಮಾಳ ಮೇಜಿನ ಬಳಿಗೆ ಎಳೆದುಕೊಂಡು ಹೋಗಿ ಅದನ್ನೇ ಕೇಳಿದೆ. ಅವಳು ಕಂಪ್ಯೂಟರಿನಿಂದ ಕೈ ತೆಗೆದಳು.

"ಅಪ್ಪ ಅಮ್ಮ ಇಲ್ಲ. ತಮ್ಮನನ್ನು ಕಾಲೇಜಿನಿಂದ ಹಿಡಿದುಕೊಂಡು ಹೋಗಿದ್ದರು. ಈಗ ಜೈಲುಗಳೆಲ್ಲ ತೆರೆದಿವೆ. ಅವನು ಬಂದಿಲ್ಲ. ಹುಡುಕಲಿಕ್ಕೆ ಹೋಗುತ್ತಿದ್ದೇನೆ."

ಇದಕ್ಕೆ ನಾನು ಅಭಿನಂದನೆ ಹೇಳಿ ಬಂದಿದ್ದೆ. "ಹೆಸರೇನು ಅವನದು?" ಎಂದೆ.

"ಯೂಸುಫ್" ಎಂದಳು. ಆ ಹೆಸರನ್ನು ಯಾರೂ ಕೇಳಿ ಬಹಳ ಕಾಲವಾಗಿತ್ತೋ ಏನೋ, ಅವಳ ಮುಖ ಒಮ್ಮೆಲೇ ಎಳೆಯದಾಯಿತು. "ಮನೆಯ ಮಾಳಿಗೆಯಲ್ಲಿ ಪಾರಿವಾಳ ಸಾಕುತ್ತಿದ್ದ. ಓದುವುದೆಂದರೆ ಆಗದು."

ಊಟಕ್ಕೆ ಹೋಗುವವರು ನಮ್ಮನ್ನು ಕರೆದು ಕರೆದು ಹೋದರು. ಯೂಸುಫನ ಪಾರಿವಾಳಗಳಿಗೆ ಒಂದೊಂದಕ್ಕೂ ಒಂದೊಂದು ಹೆಸರಿತ್ತು. ರೀಮಾ ಎಲ್ಲವನ್ನೂ ಹೇಳಿದಳು.