ತಾನಾಗಿ ಕೆಳಗಿಳಿದ ಬ್ರೇಕ್

ಸತ್ತವರು ನಮ್ಮ ಸುತ್ತಮುತ್ತ ಇರುತ್ತಾರೆ ಎಂಬ ಮಾತನ್ನು ನಾನು ಎಂದೂ ನಂಬಿದವನಲ್ಲ. ನಮ್ಮ ಕಡೆ ಸತ್ತವರ ಆತ್ಮಕ್ಕೆ ಕುಲೆ ಎನ್ನುತ್ತಾರೆ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಕುಲೆಗಳಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ನಿಲ್ಲುವಾಗ ನಾನೂ ಕೈಮುಗಿದು ನಿಂತದ್ದುಂಟು. ಆದರೆ ನಿಜ ಹೇಳಬೇಕೆಂದರೆ ನನ್ನ ಗಮನವೆಲ್ಲ ಆಮೇಲೆ ಸಿಗುವ ಕೋಳಿ ಸಾರಿನ ಮೇಲೆಯೇ ಇರುತ್ತಿತ್ತು. ವಾಹನಗಳ ವಿಷಯದಲ್ಲಂತೂ ನಾನು ಇನ್ನೂ ಖಡಾಖಂಡಿತ. ಇಪ್ಪತ್ತೆಂಟು ವರ್ಷದಿಂದ ಬಂಟ್ವಾಳದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ. ಕಲಿಯುವವರು ಕಾರನ್ನು ಚರಂಡಿಗೆ ಇಳಿಸಿ, "ಸರ್, ಅದೇ ಆಚೆ ಎಳೆಯಿತು" ಎಂದಾಗಲೆಲ್ಲ ಬೈದಿದ್ದೇನೆ. ಕಾರಿಗೆ ಬುದ್ಧಿ ಇಲ್ಲ, ಬುದ್ಧಿ ಇರಬೇಕಾದದ್ದು ಸೀಟಿನಲ್ಲಿ ಕೂತವರಿಗೆ ಎಂದು ಗದರಿದ್ದೇನೆ. ಹಾಗೆ ಗದರಿದವನೇ ಈಗ ಇದನ್ನು ಬರೆಯಲು ಕೂತಿದ್ದೇನೆ. ಓದಿದವರು ನಕ್ಕರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ನಮ್ಮ ಕೆಲಸದ ಒಂದು ಸಂಗತಿ ಮೊದಲು ಹೇಳಬೇಕು. ಕಲಿಸುವ ಕಾರಿನಲ್ಲಿ ಎಡಗಡೆ ಕೂತವರ ಕಾಲಬುಡದಲ್ಲೂ ಕ್ಲಚ್, ಬ್ರೇಕ್ ಇರುತ್ತದೆ. ಕಲಿಸುವವರು ಕೂರುವುದು ಅಲ್ಲಿ. ಕಲಿಯುವವರಿಗೆ ತಡವಾದಾಗ ನಾವು ಎಡಗಡೆಯಿಂದ ಬ್ರೇಕ್ ಒತ್ತುತ್ತೇವೆ. ಆಗ ಬಲಗಡೆಯ ಪೆಡಲ್ ಕೂಡ ಅದರ ಜೊತೆಗೇ ಕೆಳಗೆ ಹೋಗುತ್ತದೆ. ಕಲಿಯುವವರ ಕಾಲು ಅದರ ಮೇಲಿದ್ದರೆ, ಅಂಗಾಲಿನಡಿಯಿಂದ ಪೆಡಲ್ ತಪ್ಪಿಸಿಕೊಂಡು ಇಳಿದುಹೋದ ಹಾಗಾಗುತ್ತದೆ. ಅಂಗಾಲಿಗೂ ಪೆಡಲಿಗೂ ನಡುವೆ ಒಂದು ಖಾಲಿ ಜಾಗ ಬರುತ್ತದೆ. ತಾನೇ ಒತ್ತಿದರೆ ಆ ಖಾಲಿ ಬರುವುದಿಲ್ಲ. ಒಮ್ಮೆ ಅನುಭವಿಸಿದವರಿಗೆ ಅದು ಮರೆಯುವುದೂ ಇಲ್ಲ.

ಹೆಂಗಸರಿಗೆ ಕಲಿಸುತ್ತಿದ್ದದ್ದು ನನ್ನ ಹೆಂಡತಿ ಜಯಂತಿ. ಮದುವೆಯಾದ ಮೇಲೆ ನನ್ನಿಂದಲೇ ಕಲಿತು, ಎರಡೇ ವರ್ಷದಲ್ಲಿ ನನಗಿಂತ ಒಳ್ಳೆಯ ಟೀಚರ್ ಎನಿಸಿಕೊಂಡಳು. ನಾವಿಬ್ಬರೇ ಎಲ್ಲಿಗಾದರೂ ಹೊರಟರೆ ಗಲಾಟೆ ಶುರುವಾಗುತ್ತಿದ್ದದ್ದು ಕಾರಿನ ಬಾಗಿಲಲ್ಲೇ. ಇಬ್ಬರಿಗೂ ಎಡಗಡೆ ಬೇಕು. ಬ್ರೇಕ್ ಇನ್ನೊಬ್ಬರ ಕೈಗೆ, ಅಲ್ಲ, ಕಾಲಿಗೆ ಕೊಟ್ಟು ಕೂರಲು ಇಬ್ಬರಿಗೂ ಧೈರ್ಯವಿಲ್ಲ. ಹೆಚ್ಚಿನ ಸಲ ಅವಳೇ ಗೆಲ್ಲುತ್ತಿದ್ದಳು. ಸ್ಕೂಲಿಗೆ ಹೊಸ ಕಾರು ಬಂದು ಜೋಡಿ ಪೆಡಲ್ ಹಾಕಿಸಿದಾಗಲೆಲ್ಲ ನಾನು ಬಲಗಡೆ, ಅವಳು ಎಡಗಡೆ ಕೂತು ಪರೀಕ್ಷೆ ಮಾಡುವುದು ನಮ್ಮ ಕ್ರಮ. ನಾನು ಬ್ರೇಕ್ ಒತ್ತುವುದು ಒಂದೇ ಸಲಕ್ಕೆ, ಪೂರ್ತಿ. ಅವಳದು ಹಾಗಲ್ಲ. ಮೊದಲು ಒಂದು ಸಣ್ಣ ಒತ್ತು, ಎಚ್ಚರಿಕೆಗೆ. ಒಂದು ಉಸಿರಿನಷ್ಟು ಬಿಟ್ಟು ಆಮೇಲೆ ಪೂರ್ತಿ. ಹೆದರಿದವರನ್ನು ಇನ್ನಷ್ಟು ಹೆದರಿಸಬಾರದು ಎನ್ನುತ್ತಿದ್ದಳು.

ಅವಳು ತೀರಿಕೊಂಡದ್ದು ಜ್ವರದಲ್ಲಿ. ಸೋಮವಾರ ಕ್ಲಾಸಿಗೆ ಹೋಗಿ ಬಂದವಳು ಮೈ ನೋವು ಎಂದು ಮಲಗಿದಳು, ಶುಕ್ರವಾರ ಇಲ್ಲ. ನಲವತ್ತೇಳು ವರ್ಷ. ನಾನು ಅಳಲಿಲ್ಲ. ಧೈರ್ಯದಿಂದ ಇದ್ದಾರೆ ಎಂದು ಬಂದವರು ಹೇಳಿದರು. ಅದು ಧೈರ್ಯ ಅಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟರೆ ತುಟಿ ನಮ್ಮದಲ್ಲದ ಹಾಗಾಗುತ್ತದಲ್ಲ, ನನಗೆ ಇಡೀ ಮೈ ಹಾಗಿತ್ತು. ಊಟ ಮಾಡುತ್ತಿದ್ದೆ, ರುಚಿ ಗೊತ್ತಾಗುತ್ತಿರಲಿಲ್ಲ. ಮಗಳು ಮೈಸೂರಿನಲ್ಲಿ ಓದುತ್ತಿದ್ದಳು. ದಿನಾ ಫೋನ್ ಮಾಡಿ "ಊಟ ಆಯ್ತಾ ಪಪ್ಪ" ಎಂದು ಕೇಳುತ್ತಿದ್ದಳು. ಆಯ್ತು ಎನ್ನುತ್ತಿದ್ದೆ. ನಾನು ಇನ್ನೇನಾದರೂ ಹೇಳಲಿ ಎಂದು ಅವಳು ಕಾಯುತ್ತಿದ್ದದ್ದು ತಿಳಿಯುತ್ತಿತ್ತು, ಆದರೂ ಫೋನ್ ಇಡುತ್ತಿದ್ದೆ.

ಆ ಕಾರು ಕಣ್ಣಿಗೆ ಬಿದ್ದದ್ದು ಅದೇ ವರ್ಷ. ನಮ್ಮಲ್ಲಿ ಕಲಿತ ಒಬ್ಬರ ಲೈಸೆನ್ಸ್ ಕೊಡಲು ಕಕ್ಕಿಂಜೆಗೆ ಹೋಗಿದ್ದೆ. ಅವರ ಮನೆಯ ಹಿಂದೆ ಮುಚ್ಚಿದ ಗೇರುಬೀಜದ ಕಾರ್ಖಾನೆಯ ಶೆಡ್ಡು. ಅದರೊಳಗೆ ಗೋಣಿಚೀಲಗಳ ನಡುವೆ ಎರಡೇ ಸೀಟಿನ, ಛಾವಣಿಯ ಬದಲು ಬಟ್ಟೆಯ ಮಾಡು ಇದ್ದ ಪುಟ್ಟ ಕಾರು. ಇಪ್ಪತ್ತು ವರ್ಷದ ಹಿಂದೆ ನಮ್ಮ ದೇಶದಲ್ಲೇ ಸ್ವಲ್ಪ ಕಾಲ ತಯಾರಾಗಿ ನಿಂತುಹೋದ ಜಾತಿ. ಮೈ ಪೂರ್ತಿ ಫೈಬರ್, ಇಂಜಿನ್ ಸಾಮಾನ್ಯ ಸಣ್ಣ ಕಾರಿನದೇ, ತೂಕ ಎಷ್ಟು ಕಮ್ಮಿಯೆಂದರೆ ಹಿಂದಿನ ಬದಿಯನ್ನು ಇಬ್ಬರು ಸೇರಿ ಸರಿಸಬಹುದು. ಆ ಮನೆಯವರ ತಮ್ಮ ಅದನ್ನು ಕೊಂಡು, ಗಲ್ಫಿಗೆ ಹೋಗಿ, ಮತ್ತೆ ಕೇಳಿದವನೇ ಅಲ್ಲವಂತೆ. ಬಟ್ಟೆಯ ಮಾಡು ಹರಿದು, ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಅವರು ಕೋಳಿಯನ್ನು ಓಡಿಸಿ, "ಕೂತು ನೋಡಿ" ಎಂದರು. ನಾನು ಸುತ್ತು ಹೋಗಿ, ಬಾಗಿಲು ತೆಗೆದು ಎಡಗಡೆ ಕೂತೆ. ಸ್ಟೀರಿಂಗ್ ಆಚೆ ಇದೆ ಎಂದು ಅವರೇ ನೆನಪಿಸಬೇಕಾಯಿತು.

ಯಾಕೆ ಕೊಂಡೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಇಷ್ಟಪಟ್ಟು ಕೊಂಡದ್ದಲ್ಲ. ಭಾನುವಾರಗಳನ್ನು ಎಲ್ಲಾದರೂ ಹಾಕಬೇಕಿತ್ತು, ಅಷ್ಟೆ. ಜಯಂತಿಯ ವರ್ಷದ ಕಾರ್ಯ ಆಗದೆ ಮನೆಗೆ ವಾಹನ ತರಬಾರದು ಎಂದು ಅಕ್ಕ ಹೇಳಿದಳು. ಹೊಸತು ಅಲ್ಲವಲ್ಲ, ಇನ್ನೊಬ್ಬರು ಬಿಸಾಡಿದ್ದು ಎಂದೆ. ಮನೆಗೂ ತರಲಿಲ್ಲ. ಲಾರಿಯ ಮೇಲೆ ಏರಿಸಿ, ಗುರುವಾಯನಕೆರೆ ದಾಟಿಸಿ ನೇರ ಮೂಡುಬಿದಿರೆಗೆ, ಲ್ಯಾನ್ಸಿಯ ಗ್ಯಾರೇಜಿಗೆ ಒಯ್ದೆ. ಲ್ಯಾನ್ಸಿ ಮೊದಲು ಮಲ್ಪೆಯಲ್ಲಿ ದೋಣಿಗಳಿಗೆ ಫೈಬರ್ ಹೊದಿಸುತ್ತಿದ್ದವನು, ಆಮೇಲೆ ಮೆಕ್ಯಾನಿಕ್ ಆದವನು. ಕಾರಿನ ಸುತ್ತ ಒಂದು ಸುತ್ತು ಹಾಕಿ, "ಮಾಸ್ಟ್ರೇ, ಇದಕ್ಕೆ ಮೆಕ್ಯಾನಿಕ್ ಬೇಡ, ಪಾದ್ರಿ ಬೇಕು" ಎಂದ.

ಐದು ತಿಂಗಳು ಪ್ರತಿ ಭಾನುವಾರ ಹೋದೆ. ಫೈಬರ್ ತುಕ್ಕು ಹಿಡಿಯುವುದಿಲ್ಲ ಎಂಬುದು ನಿಜ, ಕೆಳಗಿನ ಕಬ್ಬಿಣಕ್ಕೆ ಅದೆಲ್ಲ ಲೆಕ್ಕಕ್ಕಿಲ್ಲ. ಚಾಸಿಯ ಎರಡು ಕಡೆ ಕತ್ತರಿಸಿ ಬೆಸುಗೆ ಹಾಕಿದೆವು. ಕಾರಿನ ಮೈಮೇಲಿನ ಬಿರುಕುಗಳನ್ನು ನಾನೇ ಉಜ್ಜುತ್ತಿದ್ದೆ, ಲ್ಯಾನ್ಸಿ ರಾಳ ಬಳಿದು ಪದರ ಕೂರಿಸುತ್ತಿದ್ದ. ಉಜ್ಜಿದ ಧೂಳು ಚರ್ಮಕ್ಕೆ ತಾಗಿದರೆ ನಾಲ್ಕು ದಿನ ತುರಿಕೆ. ನಾನು ಉದ್ದ ತೋಳಿನ ಅಂಗಿ ಹಾಕಲಿಲ್ಲ. ತುರಿಸುವಷ್ಟು ಹೊತ್ತಾದರೂ ಮೈ ಇದೆ ಎಂದು ಗೊತ್ತಾಗುತ್ತಿತ್ತು. ಕೊನೆಗೆ ಬ್ರೇಕು. ಮಾಸ್ಟರ್ ಸಿಲಿಂಡರ್, ಪೈಪು, ಪ್ಯಾಡು ಎಲ್ಲ ಹೊಸತು ಹಾಕಿದೆವು. ಪೈಪಿನೊಳಗಿನ ಗಾಳಿ ತೆಗೆಯುವಾಗ ನಾನು ಒಳಗೆ ಕೂತು ಪೆಡಲ್ ಒತ್ತುವುದು, ಅವನು ಚಕ್ರದ ಹತ್ತಿರ ಮಲಗಿ ಒತ್ತಿ, ಬಿಡಿ ಎಂದು ಹೇಳುವುದು. ಆ ಪೆಡಲ್ ಎಷ್ಟು ಗಟ್ಟಿ, ಎಲ್ಲಿ ಹಿಡಿಯುತ್ತದೆ ಎಂದು ನನ್ನ ಕಾಲಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಒತ್ತಿ ಹೇಳಲು ಕಾರಣವಿದೆ.

ಕಾರು ತಯಾರಾದ ಮೊದಲ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬನೇ ಹೊರಟೆ. ನಿಂಬೆಹಣ್ಣು ಚಕ್ರದಡಿ ಇಡಲಿಲ್ಲ, ಪೂಜೆ ಮಾಡಿಸಲಿಲ್ಲ. ಎಲ್ಲಿಗೆ ಎಂದು ಲ್ಯಾನ್ಸಿ ಕೇಳಿದ್ದಕ್ಕೆ, ಘಟ್ಟ ಹತ್ತಿಸಿ ನೋಡುತ್ತೇನೆ ಎಂದೆ. ಬೆಳ್ತಂಗಡಿ, ಕಕ್ಕಿಂಜೆ ದಾಟಿ ಚಾರ್ಮಾಡಿ ಏರಿದೆ. ಕಾರು ಆಟಿಕೆಯ ಹಾಗೆ ಏರಿತು. ದಾರಿಯಲ್ಲಿ ಹುಡುಗರು ಕೈಬೀಸಿದರು, ಬೈಕಿನವರು ಫೋಟೋ ತೆಗೆದರು. ಇದೆಲ್ಲ ಸಂತೋಷ ಕೊಡಬೇಕಾದ ಸಂಗತಿ ಎಂದು ನನಗೆ ಗೊತ್ತಿತ್ತು. ಗೊತ್ತಿತ್ತು, ಅಷ್ಟೆ. ಮೇಲೆ ಹೋಗಿ ಒಂದು ಚಹಾ ಕುಡಿದು ಕಾರು ತಿರುಗಿಸಿದೆ.

ಮುಂದಿನದನ್ನು ಇದ್ದಂತೆ ಬರೆಯುತ್ತೇನೆ. ಸಾಯಬೇಕೆಂದು ನಾನು ಹೊರಟದ್ದಲ್ಲ. ಬದುಕಬೇಕೆಂದೂ ಹೊರಟದ್ದಲ್ಲ. ಇಳಿಯಲು ಶುರುವಾದ ಸ್ವಲ್ಪ ಹೊತ್ತಿನಲ್ಲಿ ಗೇರ್ ನ್ಯೂಟ್ರಲ್‌ಗೆ ಹಾಕಿದೆ. ಏರಿದ ಗೇರಿನಲ್ಲೇ ಇಳಿಯಬೇಕು, ಘಟ್ಟದಲ್ಲಿ ನ್ಯೂಟ್ರಲ್ ಹಾಕುವವನು ಡ್ರೈವರ್ ಅಲ್ಲ, ಕೊಲೆಗಾರ ಎಂದು ಸಾವಿರ ಜನಕ್ಕೆ ಪಾಠ ಮಾಡಿದ ಕೈ ಅದನ್ನು ಮಾಡಿತು. ಯಾಕೆಂದು ಕೇಳಬೇಡಿ. ಸದ್ದು ಕಮ್ಮಿಯಾಯಿತು, ಗಾಳಿ ಮಾತ್ರ ಉಳಿಯಿತು. ಮೊದಲ ಎರಡು ತಿರುವುಗಳಲ್ಲಿ ಬ್ರೇಕ್ ಒತ್ತಿದೆ. ಮೂರನೆಯದಕ್ಕೆ ಕಾಲು ಪೆಡಲಿನ ಮೇಲೆ ಇತ್ತು, ಆದರೆ ಒತ್ತಬೇಕು ಎಂಬ ಸುದ್ದಿ ಕಾಲಿಗೆ ತಲುಪಲಿಲ್ಲ. ನಾನು ತಲುಪಿಸಲಿಲ್ಲ ಎನ್ನುವುದೇ ಸರಿ. ಎದುರಿನ ಮೋಟುಗೋಡೆ ದೊಡ್ಡದಾಗುತ್ತ ಬರುವುದನ್ನು ನೋಡುತ್ತಿದ್ದೆ. ಅದರ ಮೇಲೆ ಒಂದು ಮಂಗ ಕೂತಿತ್ತು. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ.

ಆಗ ಪೆಡಲ್ ಒಮ್ಮೆ ಚೂರು ಕೆಳಗೆ ಹೋಯಿತು. ಅಂಗಾಲಿನಡಿ ಖಾಲಿಯಾಯಿತು. ಕಾರು ಸಣ್ಣಗೆ ತಡೆದ ಹಾಗಾಯಿತು. ಒಂದು ಉಸಿರಿನಷ್ಟು ಹೊತ್ತು. ಮತ್ತೆ ಪೆಡಲ್ ಪೂರ್ತಿ ಇಳಿದುಹೋಯಿತು, ನನ್ನ ಕಾಲು ಮೇಲೆಯೇ ಉಳಿಯಿತು. ಚಕ್ರಗಳು ಉಜ್ಜಿದವು, ನಾನು ಸ್ಟೀರಿಂಗಿಗೆ ಎದೆ ತಾಗುವಷ್ಟು ಮುಂದೆ ಬಂದೆ, ಕಾರು ಗೋಡೆಗೆ ಒಂದು ಮಾರು ದೂರದಲ್ಲಿ ನಿಂತಿತು. ಇಂಜಿನ್ ಓಡುತ್ತಲೇ ಇತ್ತು. ಮಂಗ ಎದ್ದು ಹೋಯಿತು.

ಹಿಂದಿನಿಂದ ಬಂದ ಬಸ್ಸಿನ ಡ್ರೈವರ್ ಹಾರ್ನ್ ಹಾಕಿ, ತಲೆ ಹೊರಗೆ ಹಾಕಿ, "ಎಂತ ಮಾರಾಯ್ರೆ, ನಡುರೋಡಿನಲ್ಲಿ ಫೋಟೋ ತೆಗೆಯುವುದಾ?" ಎಂದು ಬೈದ. ಕಾರನ್ನು ಬದಿಗೆ ಹಾಕಿದೆ. ಅಲ್ಲೇ ಅರ್ಧ ಗಂಟೆ ಕೂತಿದ್ದೆ. ಅತ್ತುಬಿಟ್ಟೆ ಎಂದು ಬರೆದರೆ ಕಥೆ ಚೆನ್ನಾಗಿ ಆಗುತ್ತದೆ, ಆದರೆ ನಾನು ಅಳಲಿಲ್ಲ. ಎಷ್ಟೋ ತಿಂಗಳ ಮೇಲೆ ನನಗೆ ಹೆದರಿಕೆ ಆಗಿತ್ತು. ಆಮೇಲೆ ಎರಡನೇ ಗೇರಿನಲ್ಲಿ, ಕಲಿಯುವವನ ಹಾಗೆ ಇಳಿದು ಬಂದೆ.

ಲ್ಯಾನ್ಸಿಗೆ ಪೆಡಲಿನ ವಿಷಯ ಮಾತ್ರ ಹೇಳಿದೆ. ಅವನು ಕಾರನ್ನು ಎತ್ತಿ ನಿಲ್ಲಿಸಿ ಎರಡು ಗಂಟೆ ನೋಡಿದ. ಸೋರಿಕೆ ಇಲ್ಲ, ಗಾಳಿ ಇಲ್ಲ, ಪೆಡಲಿನ ಸ್ಪ್ರಿಂಗ್ ಸರಿ ಇದೆ. "ಮಾಸ್ಟ್ರೇ, ಗಾಳಿ ಇದ್ದರೆ ಪೆಡಲ್ ಇಳಿದುಹೋಗ್ತದೆ, ಒಪ್ಪುವ. ಆದರೆ ಆಗ ಕಾರು ನಿಲ್ಲುವುದಿಲ್ಲ. ನಿಮ್ಮ ಕಾರು ನಿಂತಿದೆ. ಎರಡೂ ಒಟ್ಟಿಗೆ ಆಗುವ ಕ್ರಮ ಇಲ್ಲ" ಎಂದ. ಕೈ ಒರೆಸಿಕೊಳ್ಳುತ್ತ, "ನೀವೇ ಒತ್ತಿದ್ದು. ಇಷ್ಟು ವರ್ಷದ ಅಭ್ಯಾಸ ಉಂಟಲ್ಲ, ಕಾಲಿಗೆ ನಿಮ್ಮನ್ನು ಕೇಳಬೇಕಂತ ಇಲ್ಲ" ಎಂದೂ ಸೇರಿಸಿದ.

ಅವನು ಹೇಳಿದ್ದೇ ಸರಿ ಇರಬಹುದು. ಇಂದ್ರಿಯಗಳು ಸತ್ತ ಹಾಗಿದ್ದವನ ಅಂಗಾಲಿನ ಸಾಕ್ಷಿಯನ್ನು ಯಾರು ನಂಬುತ್ತಾರೆ? ನನ್ನ ಸ್ಕೂಲಿನಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ನಾನೂ ಲ್ಯಾನ್ಸಿಯ ಮಾತನ್ನೇ ಹೇಳುತ್ತಿದ್ದೆ. ಆದರೆ ಎರಡು ಸಲ ಒತ್ತುವ ಅಭ್ಯಾಸ ನನ್ನ ಕಾಲಿಗೆ ಇಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ನಾನು ಹಾಗೆ ಒತ್ತಿದವನಲ್ಲ. ಆ ಕಾರಿನ ಎಡಗಡೆ ಪೆಡಲ್ ಕೂಡ ಇಲ್ಲ, ಬರಿಯ ರಬ್ಬರಿನ ಚಾಪೆ. ಅವಳೇ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವಷ್ಟು ನಂಬಿಕೆ ನನಗೆ ಇವತ್ತಿಗೂ ಬಂದಿಲ್ಲ. ಅಲ್ಲ ಎಂದು ಹೇಳಲು ಬೇಕಾದ ಧೈರ್ಯವೂ ಈಗ ಇಲ್ಲ. ಇದಾಗಿ ಮೂರು ವರ್ಷ ಆಯಿತು. ಕಾರು ನನ್ನಲ್ಲೇ ಇದೆ. ಬ್ರೇಕ್ ಮತ್ತೆ ಯಾವತ್ತೂ ಹಾಗೆ ಮಾಡಿಲ್ಲ.

ಒಂದು ಸಂಗತಿ ಲ್ಯಾನ್ಸಿಗೂ ಮಗಳಿಗೂ ಹೇಳಿಲ್ಲ. ಕಾರು ನಿಂತ ಕ್ಷಣ, ಬಸ್ಸಿನ ಹಾರ್ನ್ ಕೇಳುವ ಮೊದಲೇ, ನಾನು ಎಡಗಡೆಗೆ ತಿರುಗಿ ಒಂದು ಮಾತು ಆಡಿದೆ. ಆಡಬೇಕೆಂದು ಆಡಿದ್ದಲ್ಲ. ಸಿಟ್ಟಿನಲ್ಲಿ, ಮನೆಯ ತುಳುವಿನಲ್ಲಿ, ತಾನಾಗಿ ಬಂತು: ನಾನು ಬ್ರೇಕ್ ಹಾಕುವವನೇ ಇದ್ದೆ ಮಾರಾಯ್ತಿ. ಎಡಗಡೆಯಿಂದ ಬ್ರೇಕ್ ಬಿದ್ದಾಗ ಕಲಿಯುವವರು ಹೇಳುವ ಮಾತು ಅದು. ಕಾಲೇಜು ಹುಡುಗಿ ಹೇಳುತ್ತಾಳೆ, ರಿಟೈರಾದ ಹೆಡ್‌ಮಾಸ್ಟರು ಹೇಳುತ್ತಾರೆ, ಹೇಳದವರನ್ನು ನಾನು ನೋಡಿಲ್ಲ. ಅವರಲ್ಲಿ ಯಾರೂ ಹಾಕುವವರಿರಲಿಲ್ಲ ಎಂದು ಕಲಿಸುವವರಿಗೆ ಗೊತ್ತಿರುತ್ತದೆ, ನಾವು ಸುಮ್ಮನಿರುತ್ತೇವೆ. ಅಂದು ಬ್ರೇಕ್ ಹಾಕಿದ್ದು ಯಾರೆಂದು ನನಗೆ ಗೊತ್ತಿಲ್ಲ. ನಾನು ಹಾಕುವವನಿರಲಿಲ್ಲ ಎಂಬುದು ಮಾತ್ರ ಗೊತ್ತು.