ಬೇರು ಕೊಯ್ದ ಅಣಬೆ

ಹುತ್ತದ ಮಣ್ಣು ತೊಯ್ದಾಗ ಏಳುವ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನಾನು ಎದ್ದು ಕಿಟಕಿ ಮುಚ್ಚುತ್ತೇನೆ. ಕಿತ್ತೂರಿನ ಹತ್ತಿರ ದೇಗಾಂವದಲ್ಲಿ ನಮ್ಮ ಮನೆಯಿತ್ತು. ತೊಂಬತ್ತರ ದಶಕ, ನನಗೆ ಒಂಬತ್ತು ವರ್ಷ. ಗುಡುಗಿ ಮಳೆಯಾದ ಮರುದಿನ ಓಣಿಯವರೆಲ್ಲ ಅಣಬೆಯ ಬುಟ್ಟಿ ಹೊತ್ತು ನಮ್ಮ ದೊಡ್ಡವ್ವನ ಹತ್ತಿರ ಬರುತ್ತಿದ್ದರು. ನಿಮ್ಮ ಓಣಿಯಲ್ಲೂ ಅಂಥವಳೊಬ್ಬಳು ಇದ್ದಿರಬೇಕು. ದೊಡ್ಡವ್ವ ಒಂದೊಂದನ್ನೇ ತಿರುವಿ, ಬೇರು ನೋಡಿ, ‘ಹೂಂ’ ಅಂದರೆ ಮಾತ್ರ ಒಲೆಗೆ. ಹುತ್ತದ ಅಣಬೆಗೆ ಗೇಣುದ್ದ ಬೇರು; ತಿಪ್ಪೆಯದಕ್ಕೆ ಇಲ್ಲ. ಅದಕ್ಕೇ ಅವಳು ನೋಡುವ ಮೊದಲು ಬೇರು ಕೊಯ್ಯಬಾರದು, ತೊಳೆಯಬಾರದು. ಮೊದಲು ತಾನು ಉಂಡು, ಹೊತ್ತು ಕಳೆದ ಮೇಲೆಯೇ ನಮಗೆ ಬಡಿಸುವುದು. ಅದೂ ಅವಳದೇ ಕಟ್ಟಳೆ.

ಅಂಥ ಒಂದು ದಿನ ಅವಳು ಎಮ್ಮೆ ಹಿಂಡಲು ಹೋದಾಗ, ಹುತ್ತದಿಂದ ಆರಿಸಿ ತಂದಿದ್ದ ಬುಟ್ಟಿ ತುಂಬಲೆಂದು ನಾನು ತಿಪ್ಪೆಯ ಮೇಲಿನ ನಾಲ್ಕು ಬಿಳಿ ಅಣಬೆಗಳನ್ನೂ ಸೇರಿಸಿದೆ. ಶಾಣ್ಯಾತನ ನೋಡಿ ನನ್ನದು! ಹೊಗಳಿಸಿಕೊಳ್ಳಬೇಕಲ್ಲ, ಎಲ್ಲದರ ಬೇರು ಕೊಯ್ದು, ಸಿಪ್ಪೆ ಸುಲಿದು, ಅರಿಶಿನ ನೀರಿನಲ್ಲಿ ತೊಳೆದಿಟ್ಟೆ.

ದೊಡ್ಡವ್ವ ಬಂದವಳೇ ಕೇಳಿದಳು: ‘ಬೇರ ಯಾಕ ಕೊಯ್ದಿ? ಎಲ್ಲಾ ಹುತ್ತದಾಗಿನ್ವ ಹೌದಿಲ್ಲ?’

‘ಹೌದ ದೊಡ್ಡವ್ವಾ,’ ಅಂದೆ.

ಅವಳು ನನ್ನ ಮುಖವನ್ನೇ ನೋಡಿ, ನಂಬಿದಳು. ಖಾರ, ಬಳ್ಳೊಳ್ಳಿ ಹಾಕಿದ ಪಲ್ಯ ಕುದಿಯಿತು. ಬೈಸಿಕೊಳ್ಳುವ ಅಂಜಿಕೆಗೆ ಬಾಯಿ ಬಿಡಲಿಲ್ಲ. ಅವಳು ರೊಟ್ಟಿ ಮುರಿದಳು. ಒಂದು ತುತ್ತು. ಎರಡು. ಮೂರನೆಯದಕ್ಕೆ ನಾನು ಚೀರಿಬಿಟ್ಟೆ: ‘ಬ್ಯಾಡ! ಅದರಾಗ ತಿಪ್ಪಿಮ್ಯಾಲಿನೂ ಅದಾವ!’

ದೊಡ್ಡವ್ವ ಮೊದಲು ನನ್ನ ದವಡೆ ಹಿಡಿದು ಬಾಯಿ ತೆರೆಸಿ ನೋಡಿದಳು. ‘ನೀ ತಿಂದಿಲ್ಲಲಾ?’ ಆಮೇಲೆಯೇ ಉಪ್ಪುನೀರು ಕುಡಿದು ಗಂಟಲಿಗೆ ಬೆರಳು ಹಾಕಿಕೊಂಡದ್ದು. ಆದರೂ ಸಂಜೆತನಕ ವಾಂತಿ ನಿಲ್ಲಲಿಲ್ಲ. ಕಾಕಾ ಮೋಟಾರ್‌ಸೈಕಲ್ ಮೇಲೆ ಕಿತ್ತೂರಿನ ದವಾಖಾನೆಗೆ ಒಯ್ದ. ನಾನು ಕಟ್ಟೆಯ ಮೇಲೆ ಕುಳಿತು ಕಂಡ ಕಂಡ ದೇವರಿಗೆಲ್ಲ ಕೈಮುಗಿದೆ.

ಮರುದಿನ ಬದುಕಿ ಬಂದಳು, ನನ್ನ ಪುಣ್ಯ. ಓಣಿಯವರು ನೆರೆದಾಗ, ‘ನಂದ ಗುರ್ತ ತಪ್ಪಿತವಾ, ಕಣ್ಣ ಮಂಜಾಗ್ಯಾವ,’ ಎಂದುಬಿಟ್ಟಳು. ನಾನು ಬಾಯಿ ತೆರೆಯುವುದರೊಳಗೆ ರಟ್ಟೆ ಹಿಡಿದು ಒಳಗೆ ಎಳೆದಳು. ‘ಸುಮ್ಮನಿರು. ನೀ ನಾಳೆ ಮಂದಿ ಮನಿಗೆ ಹೋಗಾಕಿ. ಇಸಾ ಹಾಕಿದಾಕಿ ಅಂತ ಹೆಸರ ಬಂದ್ರ ಹೋಗೂದಿಲ್ಲ.’

ಆಮೇಲೆ ಯಾರೂ ಬುಟ್ಟಿ ತರಲಿಲ್ಲ. ಗುಡುಗಿದ ಮರುದಿನ ದೊಡ್ಡವ್ವ ಕೈ ತೊಳೆದುಕೊಂಡು ಕಟ್ಟೆಗೆ ಬಂದು ಕೂರುತ್ತಿದ್ದಳು. ಓಣಿಯವರು ಬುಟ್ಟಿಗೆ ಸೆರಗು ಮುಚ್ಚಿ ದಾಟಿ ಹೋಗುತ್ತಿದ್ದರು. ನಾನು ನೋಡುತ್ತ ಸುಮ್ಮನಿದ್ದೆ. ಆ ಮನೆ ಈಗಿಲ್ಲ, ಅವಳೂ ಇಲ್ಲ. ನಾನು ಮಂದಿ ಮನೆಗೆ ಬಂದು ಇಪ್ಪತ್ತು ವರ್ಷವಾಯಿತು. ಒಳ್ಳೆಯ ಹೆಸರೇ ಇದೆ. ದೊಡ್ಡವ್ವನ ಕಣ್ಣು ಕಡೆತನಕ ಚೆನ್ನಾಗಿದ್ದವು, ಸೂಜಿಗೆ ದಾರ ತಾನೇ ಪೋಣಿಸುತ್ತಿದ್ದಳು.